ಗುಡ್ಡಮ್ಮನ ಕೈಮೇಲಿನ ಚೇಳು

ಗುಡ್ಡಮ್ಮನ ಬಲಗೈ ಮೇಲೆ ಚೇಳಿನ ಹಚ್ಚೆಯೊಂದಿದೆ. ಚಿಕ್ಕವಳಿದ್ದಾಗ ಹುಲ್ಲು ಹೊರುವಾಗ ಚೇಳು ಕಡಿದು, ಅತ್ತು ಊರನ್ನೇ ಒಂದು ಮಾಡಿದ್ದಳು. ಹಚ್ಚೆ ಹಾಕಿಸಿದರೆ ಮತ್ತೆ ಚೇಳು ಹತ್ತಿರ ಸುಳಿಯುವುದಿಲ್ಲವೆಂದು ಅವಳವ್ವ ಹಿಡಿದು ಕೂರಿಸಿ ಹಾಕಿಸಿದಳು. ಆ ಕೈ ಭತ್ತ ನೆಟ್ಟಿದೆ, ಜೋಳ ಮುರಿದಿದೆ, ಕುಡಿದು ಬಂದ ಗಂಡನಿಗೆ ಎರಡು ಬಿಟ್ಟಿದ್ದೂ ಉಂಟು. ಚೇಳು ಕಂಡು ಹೆದರಿದವರು ಮಾತ್ರ ಯಾರೂ ಇರಲಿಲ್ಲ.

ಕಳೆದ ವರ್ಷ ಆನವಟ್ಟಿ ಕಡೆಯ ಕೆಲವು ಪಡ್ಡೆ ಹುಡುಗರು 'ಚೇಳು ಪಡೆ' ಎಂದು ಗುಂಪು ಕಟ್ಟಿಕೊಂಡರು. ಮುಸ್ಲಿಮರ ಅಂಗಡಿಗೆ ಕಾಲಿಡಬೇಡಿ ಎಂದು ಸಾರುವುದೇ ಅವರ ಘನಕಾರ್ಯ. ಪಡೆಯಲ್ಲಿದ್ದ ಪಕ್ಕದ ಮನೆಯ ಯತೀಶ ಒಂದು ದಿನ, "ಅಜ್ಜಿ, ಹಚ್ಚೆ ಚಂದ ಐತೆ, ಒಂದು ಫೋಟೋ ಹೊಡ್ಕಂತೀನಿ" ಎಂದ. ಗುಡ್ಡಮ್ಮ ಬೀಗುತ್ತ ಕೈ ಚಾಚಿದಳು. ವಾರದೊಳಗೆ ಆ ಕೈ ಆನವಟ್ಟಿ ಬಸ್ ಸ್ಟ್ಯಾಂಡಿನ ಫ್ಲೆಕ್ಸ್ ಏರಿತ್ತು: 'ನಮ್ಮ ತಾಯಂದಿರ ಗುರುತು. ವೈರಿಯನ್ನು ಕುಟುಕೋಣ.'

ಅದೇ ಹೊತ್ತಿಗೆ ಸೊಸೆ ಮೈತ್ರಿಗೆ ಏಳು ತಿಂಗಳು ತುಂಬಿತ್ತು. ಆ ಮನೆಯ ಹೆಂಗಸರಿಗೆ ಬಳೆ ಇಡಿಸುತ್ತಿದ್ದವಳು ಆನವಟ್ಟಿ ಪೇಟೆಯ ಬಳೆ ಅಂಗಡಿಯ ಬೀಬಿಜಾನ್. ಸೀಮಂತಕ್ಕೆ ಕರೆಯಲು ಹೋದರೆ ಅವಳು ಫ್ಲೆಕ್ಸಿನಲ್ಲಿ ಕಂಡಿದ್ದ ಗುಡ್ಡಮ್ಮನ ಕೈ ನೋಡಿ ಮುಖ ತಿರುಗಿಸಿದಳು.

"ನಿಮ್ಮೂರಿಗೆ ಬರಾಕೆ ಹೆದ್ರಿಕೆ ಆಗ್ತೈತೆ ಗುಡ್ಡಕ್ಕ. ಬ್ಯಾರೆ ಯಾರನ್ನಾದ್ರೂ ಕರ್ಕೋ."

ಗುಡ್ಡಮ್ಮ ಮನೆಗೆ ಬಂದು ಸೋಪು ಹಚ್ಚಿ ಕೈ ತಿಕ್ಕಿದಳು. ಹಚ್ಚೆ ಎಲ್ಲಾದರೂ ಹೋಗುತ್ತದೆಯೇ! ಆಮೇಲೆ ಸಿಟ್ಟು ನೆತ್ತಿಗೇರಿತು. ನೇರ ಯತೀಶನ ಮನೆಗೆ ನುಗ್ಗಿದಳು.

"ಲೇ, ಇದು ಕುಟುಕಲಿ ಅಂತ ಹಾಕ್ಸಿದ್ದಲ್ಲ ಕಣೋ, ಕುಟುಕಬಾರ್ದು ಅಂತ ಹಾಕ್ಸಿದ್ದು! ನನ್ನ ಕೈ ಕೆಳಗಿಳಿಸು!"

"ಹುಡುಗ್ರನ್ನ ಕೇಳ್ಬೇಕಜ್ಜಿ" ಎಂದು ಯತೀಶ ಗೊಣಗಿದ. ಅವನ ಅವ್ವ ಹೂವಮ್ಮ ಒಲೆ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು.

ಸೀಮಂತದ ದಿನ ಬೆಳಿಗ್ಗೆ ಗುಡ್ಡಮ್ಮ ಸೊಸೆಯನ್ನೂ ನೆರೆಹೊರೆಯ ಹೆಂಗಸರನ್ನೂ ಲಗೇಜ್ ಆಟೋ ಹತ್ತಿಸಿದಳು. "ಅವ್ಳು ಬರಾಕೆ ಹೆದ್ರಿದ್ರೆ ನಾವೇ ಹೋಗಾನ ನಡೀರಿ."

ಬೀಬಿಜಾನಳ ಅಂಗಡಿ ಮುಂದೆ ಚಾಪೆ ಹಾಸಿ, ಮೈತ್ರಿಯನ್ನು ಕೂರಿಸಿ, ಆರತಿ ತಟ್ಟೆ ಇಟ್ಟರು. ಪೇಟೆಯವರೆಲ್ಲ ನಿಂತು ನೋಡಿದರು. ಪಡೆಯ ಹುಡುಗರೂ ಬೈಕಿನಲ್ಲಿ ಬಂದರು. ಹೆಂಗಸರ ನಡುವೆ ತನ್ನ ಅವ್ವನೂ ಕೂತು ಬಳೆ ಆರಿಸುತ್ತಿದ್ದುದನ್ನು ಕಂಡ ಯತೀಶ ಬೈಕ್ ತಿರುಗಿಸಿದ. ಮಿಕ್ಕವರು ಸ್ವಲ್ಪ ಹೊತ್ತು ನಿಂತಿದ್ದು ಜಾಗ ಖಾಲಿ ಮಾಡಿದರು.

ಬೀಬಿಜಾನ್ ಕಣ್ಣೊರೆಸಿಕೊಳ್ಳುತ್ತಲೇ ಮೈತ್ರಿಯ ಕೈತುಂಬ ಹಸಿರು ಬಳೆ ಇಡಿಸಿದಳು. ಮುಂದಿನ ಸರದಿ ಗುಡ್ಡಮ್ಮನದು. ಅವಳು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಅಳುಕುತ್ತ ಎಡಗೈ ಚಾಚಿದಳು.

"ಅದಲ್ಲ ಗುಡ್ಡಕ್ಕ," ಎಂದಳು ಬೀಬಿಜಾನ್, "ಮೊದ್ಲು ಆ ಕೈ ಕೊಡು."