ಸಂಜೆಗೆ ಬೀಳುವ ಗೋಡೆ

ಬಷೀರ್ ಮೇಸ್ತ್ರಿ ದಿನಾ ಸಂಜೆ ಚಪ್ಪಲಿ ಬಿಟ್ಟು, ನಾವು ಕಟ್ಟಿದ ಗೋಡೆಯನ್ನು ಬರಿಗಾಲಲ್ಲಿ ಒದ್ದು ಬೀಳಿಸುತ್ತಿದ್ದರು. ತಿಪಟೂರಿನ ಆ ಗಾರೆ ಕೆಲಸದ ತರಬೇತಿ ಕೇಂದ್ರಕ್ಕೆ ಸಿಮೆಂಟೇ ಬರುತ್ತಿರಲಿಲ್ಲ. ಇದ್ದಷ್ಟೇ ಇಟ್ಟಿಗೆ ನಾಳೆಗೂ ಬೇಕು. ಹಾಗಾಗಿ ಮಣ್ಣು ಕಲಸಿ ಕಟ್ಟುವುದು, ಸಂಜೆ ಕೆಡವುವುದು. "ಕಟ್ಟಿದ್ದರ ಮ್ಯಾಲೆ ಆಸೆ ಇಟ್ಕಬ್ಯಾಡ್ರಮ್ಮ, ನಾಳೆ ಇನ್ನೂ ಚೆಂದಾಗಿ ಕಟ್ಟೀರಿ," ಎನ್ನುತ್ತಿದ್ದರು.

ನಾವು ಮೂವರು ಹೆಂಗಸರು. ತೆಂಗಿನ ನಾರಿನ ಮಿಲ್ಲು ಮುಚ್ಚಿ ಕೆಲಸ ಹೋದಾಗ ಕರಣೆ ಹಿಡಿದು ಗೋಡೆ ಕಟ್ಟುವುದನ್ನು ಕಲಿಯೋಣವೆಂದು ಬಂದವರು. ಊರಲ್ಲಿ ನಗದವರೇ ಇಲ್ಲ. ಮೇಸ್ತ್ರಿ ಮಾತ್ರ ಮೊದಲ ದಿನದಿಂದಲೂ "ಏನ್ ಮೇಸ್ತ್ರೀ, ಟೀ ಆಯ್ತಾ?" ಎಂದೇ ನನ್ನನ್ನು ಕೇಳುತ್ತಿದ್ದರು. ಅಷ್ಟಕ್ಕೇ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

ತರಬೇತಿ ಮುಗಿಯಿತು, ಕೆಲಸ ಎಲ್ಲಿ? ಆಳು ಸಿಗುವುದಿಲ್ಲ ಎಂದು ಗೊಣಗುವ ಕಂಟ್ರಾಕ್ಟರುಗಳೇ ನಮ್ಮನ್ನು ನೋಡಿ ಮೇಸ್ತ್ರಿಗೆ, "ಗಾರೆ ಹೊರಾದಾದ್ರೆ ಬರ್ಲಿ ಸಾಬ್ರೇ, ಕರಣೆ ಬ್ಯಾಡ," ಎಂದರು. ಕೊನೆಗೆ ಹಾಲ್ಕುರಿಕೆ ಕಡೆಯ ತೋಟದ ಯಜಮಾನರೊಬ್ಬರು ಮೇಸ್ತ್ರಿಯ ಮುಖ ನೋಡಿ ಒಪ್ಪಿದರು. ಕೊಬ್ಬರಿ ತುಂಬುವ ಕೋಣೆಗೆ ಗೋಡೆ. ನಿಜವಾದ ಸಿಮೆಂಟು. ಇದು ಚೆನ್ನಾಗಿ ನಿಂತರೆ ಮನೆ ಕಟ್ಟುವ ಕೆಲಸವೂ ನಮಗೇ ಎಂದರು.

ಗೋಡೆ ನೂಲು ಹಿಡಿದ ಹಾಗೆ ಎದ್ದಿತು. ಮೇಸ್ತ್ರಿ ಸುತ್ತಿ ಸುತ್ತಿ ನೋಡಿ ಕಣ್ಣೊರೆಸಿಕೊಂಡರು. ಎಲ್ಲರೂ ಮನೆಗೆ ಹೋದೆವು. ಸುಡುಬಿಸಿಲಿನ ಕಾಲ. ವಾರ ಬಿಟ್ಟು ಹೋದರೆ, ಯಜಮಾನರು ಇಟ್ಟಿಗೆಯ ಸಂದಿಗೆ ಉಗುರು ಹಾಕಿ ಕೆರೆದು ತೋರಿಸಿದರು. ಸಿಮೆಂಟು ಮರಳಿನ ಹಾಗೆ ಉದುರಿತು.

"ನೀರು ಯಾರ್ ಹಾಕಿದ್ರಮ್ಮ?" ಎಂದು ಕೇಳಿದರು.

ಕೇಂದ್ರದಲ್ಲಿ ಮಾರನೆಯ ಬೆಳಗು ಕಂಡ ಗೋಡೆ ಒಂದೂ ಇರಲಿಲ್ಲ, ಸಿಮೆಂಟು ಗಟ್ಟಿಯಾಗಲು ದಿನಾ ನೀರು ಹಾಕುವ ಅಭ್ಯಾಸ ಎಲ್ಲಿಂದ ಬರಬೇಕು?

"ತಪ್ಪು ನಂದು ಕಣ್ರೀ," ಎಂದರು ಮೇಸ್ತ್ರಿ. "ಇವ್ರಿಗೆ ನೀರಿನ ಮಾತೇ ಹೇಳ್ಲಿಲ್ಲ. ದಿನಾ ಕೆಡವಿ ಕೆಡವಿ, ಗೋಡೆ ನಿಲ್ತದೆ ಅನ್ನೋದೇ ನಂಗೆ ಮರ್ತೋಗಿತ್ತು."

"ಕೆಡವಿ ಹೋಗಿ," ಎಂದರು ಯಜಮಾನರು.

ಮೇಸ್ತ್ರಿ ಚಪ್ಪಲಿ ಬಿಟ್ಟು ಕಾಲೆತ್ತಿದರು. ಒದೆಯಲಾಗದೆ ಹಾಗೇ ಕೆಳಗಿಟ್ಟರು. ತೋಟದ ಆಳುಗಳು ಹಾರೆ ತಂದರು.

ಸುದ್ದಿ ಊರೂರಿಗೆ ಹಬ್ಬಿತು. ತರಬೇತಿಯವರು ಬೇಡವೇ ಬೇಡ ಎಂದಾಯಿತು. ಕೇಂದ್ರಕ್ಕೂ ಬೀಗ ಬಿತ್ತು. ಒಮ್ಮೆ ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಮೇಸ್ತ್ರಿ ಸಿಕ್ಕಿದರು, ತೀರಾ ಇಳಿದುಹೋಗಿದ್ದರು. "ಚೆನ್ನಾಗಿದೀಯೇನಮ್ಮ?" ಎಂದರು. ಮೇಸ್ತ್ರಿ ಎನ್ನಲಿಲ್ಲ. ಆಮೇಲೆ ಬಂದದ್ದು ಅವರ ಸಾವಿನ ಸುದ್ದಿ.

ಈಗ ಮಾಯಸಂದ್ರದಲ್ಲಿ ಗಾರೆ ಹೊರುತ್ತೇನೆ. ಸಂಜೆ, ಬೇರೆಯವರು ಕಟ್ಟಿದ ಗೋಡೆಗೆ ನೀರು ಹಾಕಿ ಮನೆಗೆ ಹೋಗುತ್ತೇನೆ.