ಹಳದಿ ಗೆರೆಯೊಳಗೆ ನಿಂತವರು

ರಸ್ತೆ ಯೋಜನೆಯ ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹಾಗೆ ಕರೆಯುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ನಿವೃತ್ತರಾಗಿ ಹೋಗಿದ್ದರು. ಉಳಿದವರಿಗೆಲ್ಲ ಅವನು ಗೆರೆಯಣ್ಣ. ಮೂವತ್ತೊಂದು ವರ್ಷದಿಂದ ನಕ್ಷೆ ಬರೆಯುವುದೇ ಕೆಲಸ, ಮೊದಲು ಇಂಕಿನಲ್ಲಿ, ಈಗ ಕಂಪ್ಯೂಟರಿನಲ್ಲಿ. ಆದರೆ ಆ ಹೆಸರು ಬಿದ್ದದ್ದು ಅದೊಂದಕ್ಕೇ ಅಲ್ಲ. ಮೇಲಿನವರು ಹಾಕಿದ ಗೆರೆಯನ್ನು ಅವನು ಒಂದು ದಿನವೂ ದಾಟಿದವನಲ್ಲ. ಒಂಬತ್ತೂವರೆಗೆ ಬಾ ಎಂದರೆ ಒಂಬತ್ತು ಇಪ್ಪತ್ತೈದಕ್ಕೆ ಬಂದು ಬಾಗಿಲಲ್ಲಿ ಐದು ನಿಮಿಷ ಕಾದು ಒಳಗೆ ಕಾಲಿಡುವ ಆಸಾಮಿ. ಮದುವೆಯ ಗೆರೆಯೊಂದು ಮಾತ್ರ ಅಂಗೈಯಲ್ಲಿ ಇರಲಿಲ್ಲವೋ, ಇದ್ದರೂ ಇಂಕು ಮೆತ್ತಿ ಕಾಣದೆ ಹೋಯಿತೋ, ಅಕ್ಕನ ಜೊತೆಗೇ ಎರಡು ಕೋಣೆಯ ಮನೆಯಲ್ಲಿ ತಲೆ ನರೆಸಿಕೊಂಡ.

ಅಕ್ಕ ಅವನಿಗಿಂತ ಮೂರು ವರ್ಷ ದೊಡ್ಡವಳು. ಹದಿನೈದು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ದೊಡ್ಡಾಸ್ಪತ್ರೆಯ ಲಾಂಡ್ರಿಗೆ ಸೇರಿದವಳು ಈಗಲೂ ಅಲ್ಲೇ ಇದ್ದಾಳೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಬಿಸಿ ಬಿಸಿ ಬೆಡ್‌ಶೀಟುಗಳನ್ನು ನಿಂತೇ ಮಡಚಬೇಕು. ಅಲ್ಲಿ ಸ್ಟೂಲು ಕೂಡ ಇಲ್ಲ. ಕೂತರೆ ಕೈ ನಿಧಾನವಾಗುತ್ತದೆ ಎಂದು ಮೇಲ್ವಿಚಾರಕ ಎಂದೋ ಎತ್ತಿಸಿಬಿಟ್ಟಿದ್ದನಂತೆ. ಎರಡು ವರ್ಷದಿಂದ ಅವಳ ಎಡಮಂಡಿ ಕೈಕೊಟ್ಟಿತ್ತು. ಹೇಗೋ ಏಗುತ್ತಿದ್ದಳು.

ಈಗ ವಿಷಯಕ್ಕೆ ಬರೋಣ. ನಗರದ ನಡುವೆ ಹದಿನಾಲ್ಕು ಕಿಲೋಮೀಟರು ಉದ್ದಕ್ಕೆ ಬಸ್ಸುಗಳಿಗೆಂದೇ ಬಿಟ್ಟ ದಾರಿಯೊಂದಿತ್ತು. ಅದರ ಪಕ್ಕದಲ್ಲಿ ಈಗ ಎಕ್ಸ್‌ಪ್ರೆಸ್ ಲೇನುಗಳು ಬರಬೇಕಿತ್ತು. ಟೋಲ್ ಕೊಟ್ಟ ಕಾರುಗಳು ಎಲ್ಲೂ ನಿಲ್ಲದೆ ಈ ತುದಿಯಿಂದ ಆ ತುದಿಗೆ ಹಾರಬೇಕು. ಹಾರುವುದೇನೋ ಸರಿ, ಒಳಗೆ ಬರುವುದಕ್ಕೆ ಹೊರಗೆ ಹೋಗುವುದಕ್ಕೆ ಜಾಗ ಬೇಕಲ್ಲ? ಆ ಜಾಗವನ್ನು ಬಸ್ ಸ್ಟಾಪುಗಳೇ ಬಿಟ್ಟುಕೊಡಬೇಕು. ಹತ್ತೊಂಬತ್ತು ಸ್ಟಾಪಿನಲ್ಲಿ ಕೆಲವನ್ನು ಕೈಬಿಡುವುದೆಂದು ತೀರ್ಮಾನವಾಯಿತು. ಜನ ಹೆಚ್ಚಿರುವ ಹೊತ್ತಿನಲ್ಲೂ ಐವತ್ತು ಮಂದಿ ಕಾಯದ ಸ್ಟಾಪು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬುದು ಕಚೇರಿಯ ವಾದ. ಪಾಪ, ಕಚೇರಿಗೆ ಕಾಲುಗಳಿಲ್ಲ.

ಎಣಿಕೆ ಮುಗಿದು ಪಟ್ಟಿ ಬಂತು. ಏಳು ಸ್ಟಾಪುಗಳ ಮುಂದೆ ಕೆಂಪು ಗುರುತು. ಹನ್ನೊಂದನೆಯ ಸ್ಟಾಪಿನ ಮುಂದೆ ‘ಒಂಬತ್ತು ಜನ’ ಎಂದಿತ್ತು. ಗೆರೆಯಣ್ಣ ನಕ್ಷೆಯಲ್ಲಿ ಆ ಸ್ಟಾಪನ್ನು ಅಳಿಸಿ, ಅದರ ಜಾಗದಲ್ಲಿ ಕಾರುಗಳು ಇಳಿಯುವ ದಾರಿಯನ್ನು ಎಳೆದ. ಕೆಲಸ ನಾಲ್ಕು ನಿಮಿಷದ್ದು. ಆಮೇಲೆ ಕಣ್ಣುಜ್ಜಿಕೊಳ್ಳುತ್ತ ಮತ್ತೆ ನೋಡಿದರೆ, ಅದು ಆಸ್ಪತ್ರೆಯ ಹಿಂದಿನ ಗೇಟಿನ ಸ್ಟಾಪು. ಅಕ್ಕ ದಿನವೂ ಇಳಿಯುವುದು ಅಲ್ಲಿ, ಹತ್ತುವುದು ಅಲ್ಲಿ.

ಸಂಜೆ ಮನೆಗೆ ಹೋದಾಗ ಅಕ್ಕ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಅವನು ಶೂ ಬಿಚ್ಚದೆಯೇ ಹೇಳಿದ.

“ಅಕ್ಕ, ನಿಮ್ಮ ಲಾಂಡ್ರಿ ಸ್ಟಾಪು ಹೋಗುತ್ತೆ.”

“ಹೋಗುತ್ತೆ ಅಂದ್ರೆ? ಎಲ್ಲಿಗೆ?”

“ಎಲ್ಲಿಗೂ ಇಲ್ಲ. ತೆಗೀತಾರೆ. ಅಲ್ಲಿ ಒಂಬತ್ತೇ ಜನ ಕಾಯೋದಂತೆ.”

ಅಕ್ಕ ಬಕೆಟ್ಟಿನಿಂದ ಒಂದು ಕಾಲು ಹೊರಗೆ ತೆಗೆದಳು. “ಯಾವ ಮಹಾನುಭಾವ ಎಣಿಸಿದ್ದು? ನನ್ನ ಜೊತೆ ಮಡಚೋರೇ ಹದಿನೆಂಟು ಜನ. ಒಗೆಯೋರು, ಅಡುಗೆಮನೆಯೋರು, ವಾರ್ಡು ಗುಡಿಸೋರು ಬೇರೆ. ಒಂಬತ್ತಂತೆ! ಕಣ್ಣಿಗೆ ಪಟ್ಟಿ ಕಟ್ಕೊಂಡು ಎಣಿಸಿದ್ರಾ?”

“ನೀವು ಎಲ್ಲಿ ನಿಲ್ತೀರಿ?”

“ನಿಲ್ಲೋದ್ಯಾಕೆ? ಗೇಟಿನ ಪಕ್ಕ ಕಟ್ಟೆ ಇಲ್ವಾ, ಮರದ ಕೆಳಗೆ? ಅಲ್ಲಿ ಕೂತ್ಕೋತೀವಿ. ಸ್ಟಾಪಿನ ಚಾವಣಿ ಗಾಳಿಗೆ ಹಾರಿಹೋಗಿ ಮೂರು ವರ್ಷ ಆಯ್ತು. ಆ ಬಿಸಿಲಲ್ಲಿ ಯಾರು ಸಾಯ್ತಾರೆ? ಬಸ್ಸು ಸಿಗ್ನಲ್ ದಾಟಿದ್ದು ಕಂಡ ಮೇಲೆ ಎಲ್ಲರೂ ಎದ್ದು ಓಡ್ತಾರೆ. ನಾನು ಹಿಂದಿಂದ ಕುಂಟ್ಕೊಂಡು ಹೋಗ್ತೀನಿ. ಹುಡುಗೀರು ಬಾಗಿಲು ಹಿಡಿದು ನಿಲ್ಲಿಸಿರ್ತಾರೆ.”

ಗೆರೆಯಣ್ಣನಿಗೆ ಈಗ ಅರ್ಥವಾಯಿತು. ಎಣಿಸಿದವರ ತಪ್ಪಿರಲಿಲ್ಲ. ತಪ್ಪು ಅವನದೇ.

ಆರು ವರ್ಷದ ಹಿಂದೆ ಇನ್ನೊಂದು ಯೋಜನೆಗೆ ಎಣಿಕೆ ನಡೆದಾಗ, ಒಂದು ಸ್ಟಾಪಿನಲ್ಲಿ ನಾನೂರ ಹನ್ನೆರಡು ಜನ ಬಸ್ಸಿಗೆ ಕಾಯುತ್ತಿದ್ದಾರೆಂದು ಬರೆದು ತಂದಿದ್ದರು. ವಿಚಾರಿಸಿದರೆ, ಆ ಹೊತ್ತಿಗೆ ಅಲ್ಲಿ ಇಬ್ಬರು ಲಾರಿ ಡ್ರೈವರುಗಳು ಕೈಕೈ ಮಿಲಾಯಿಸಿದ್ದರು. ಊರಿಗೆ ಊರೇ ನಿಂತು ನೋಡುತ್ತಿತ್ತು. ಕಚೇರಿ ನಗೆಪಾಟಲಾಯಿತು. ಮತ್ತೆ ಹಾಗಾಗದಿರಲಿ ಎಂದು ಗೆರೆಯಣ್ಣ ಒಂದು ನಿಯಮ ಬರೆದುಕೊಟ್ಟ: ‘ಬಸ್ಸು ಬರುವುದಕ್ಕೆ ಐದು ನಿಮಿಷ ಮೊದಲು, ಸ್ಟಾಪಿನ ಹಳದಿ ಗೆರೆಯೊಳಗೆ ನಿಂತವರನ್ನು ಮಾತ್ರ ಎಣಿಸತಕ್ಕದ್ದು.’ ಬಸ್ಸು ಬಂದ ಮೇಲೆ ಎಣಿಸಿದರೆ ಇಳಿಯುವವರು ಹತ್ತುವವರು ಎಲ್ಲ ಕಲಸುಮೇಲೋಗರವಾಗುತ್ತದೆ ಎಂಬುದು ಅವನ ಯೋಚನೆ. ಮೇಲಿನವರು ಬೆನ್ನು ತಟ್ಟಿದರು. ಎಣಿಕೆಯ ಪ್ರತಿ ಹಾಳೆಯ ಮೇಲೂ ಆ ಸಾಲು ಅಚ್ಚಾಯಿತು. ಅವನು ಜೀವಮಾನದಲ್ಲಿ ಹೆಮ್ಮೆಪಟ್ಟದ್ದು ಅದೊಂದಕ್ಕೆ.

ಆ ಕಟ್ಟೆಯನ್ನು ಅವನು ನೋಡದೆಯೂ ಇರಲಿಲ್ಲ. ಕಚೇರಿಯ ಜೀಪಿನಲ್ಲಿ ಹತ್ತಾರು ಸಲ ಆ ದಾರಿಯಲ್ಲಿ ಹೋಗಿದ್ದ. ಸಾಲಾಗಿ ಕೂತ ಹೆಂಗಸರನ್ನು ದೂರದಿಂದ ನೋಡಿ, “ಹರಟೆ ಹೊಡೆಯೋಕೆ ಒಳ್ಳೆ ಜಾಗ ಹಿಡಿದಿದಾರೆ” ಎಂದು ಡ್ರೈವರನ ಹತ್ತಿರ ನಕ್ಕಿದ್ದ. ಆ ಸಾಲಿನಲ್ಲಿ ಅಕ್ಕನೂ ಇದ್ದಿರಬಹುದೆಂದು ಈಗ ಹೊಳೆದು ಅವನಿಗೆ ನಾಚಿಕೆಯಾಯಿತು.

“ಮುಂದಿನ ಸ್ಟಾಪು ಎಷ್ಟು ದೂರ ಆಗುತ್ತೆ?” ಅಕ್ಕ ಕೇಳಿದಳು.

“ಒಂದು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಮಧ್ಯೆ ಮೇಲ್ಸೇತುವೆ ಹತ್ತಿ ಇಳೀಬೇಕು. ಅರವತ್ತೆರಡು ಮೆಟ್ಟಿಲು.” ಆ ಮೆಟ್ಟಿಲುಗಳನ್ನು ಬರೆದವನೂ ಅವನೇ.

ಅಕ್ಕ ಮಂಡಿಯ ಮೇಲೆ ಕೈಯಿಟ್ಟುಕೊಂಡಳು. “ಹಾಗಾದ್ರೆ ನಾನು ಕೆಲಸ ಬಿಡೋದೇ ಸೈ” ಎಂದಳು. ಅಳಲಿಲ್ಲ, ಬೈಯಲಿಲ್ಲ. ಬಕೆಟ್ಟಿನ ನೀರು ಆರಿತ್ತು. ಇನ್ನಷ್ಟು ಬಿಸಿನೀರು ತರಲು ಅವನೇ ಎದ್ದ.

ಮರುದಿನ ಅವನು ಇಂಜಿನಿಯರ್ ಮೇಡಂ ಕೋಣೆಗೆ ಹೋದ. ಮೇಡಂ ಕೆಟ್ಟವರೇನಲ್ಲ. ಮೇಜಿನ ಮೇಲಿನ ಕಡತಗಳ ಹಿಂದಿನಿಂದ ತಲೆ ಎತ್ತುವಷ್ಟರಲ್ಲೇ ಸುಸ್ತಾಗಿದ್ದರು.

“ನೀವೇ ಬರೆದ ನಿಯಮ. ಈಗ ನೀವೇ ಬಂದು ಸರಿಯಿಲ್ಲ ಅಂತೀರಿ.”

“ಹೌದು ಮೇಡಂ.”

“ಶುಕ್ರವಾರ ವರದಿ ಹೋಗಬೇಕು. ಗುರುವಾರ ಇನ್ನೊಂದು ಸಲ ಎಣಿಸೋಣ. ಅದೇ ಹಾಳೆ, ಅದೇ ಹೊತ್ತು. ನೀವು ಎಣಿಸೋ ಹಾಗಿಲ್ಲ, ನಿಮ್ಮ ಅಕ್ಕ ಅಲ್ಲಿರ್ತಾರೆ ಅಂತೀರಿ. ಐವತ್ತು ಆದ್ರೆ ಸ್ಟಾಪು ಉಳಿಯುತ್ತೆ, ನಲವತ್ತೊಂಬತ್ತಾದ್ರೆ ನನ್ನ ಕೈಯಲ್ಲೂ ಏನೂ ಇಲ್ಲ.”

ಅವನು ಮನೆಗೆ ಬಂದು ಅಕ್ಕನಿಗೆ ಬಿಡಿಸಿ ಹೇಳಿದ. ಗುರುವಾರ ಎಲ್ಲರೂ ಗೆರೆಯೊಳಗೆ ನಿಲ್ಲಬೇಕು, ಅಷ್ಟೇ. ಎರಡೂವರೆಗೆ ಎಣಿಕೆ.

“ಎಂಟು ಗಂಟೆ ನಿಂತು ಬಂದೋರಿಗೆ ಇನ್ನೂ ನಿಲ್ರಿ ಅಂತ ನಾನು ಹೆಂಗೋ ಹೇಳ್ಲಿ? ನಿಮ್ಮ ಕಚೇರಿಯೋರಿಗೆ ನಾವು ಕೂತ್ರೆ ಮನುಷ್ಯರ ಹಾಗೆ ಕಾಣಲ್ವಾ?”

“ಒಂದೇ ದಿನ ಅಕ್ಕ.”

“ಹೇಳ್ತೀನಿ ಬಿಡು” ಎಂದಳು ಅಕ್ಕ, ಸಾಕಾಗಿಹೋದವಳಂತೆ.

ಗುರುವಾರ ಎರಡು ಗಂಟೆಗೆ ಅವನು ಅರ್ಧ ದಿನ ರಜೆ ಹಾಕಿ ಆ ಸ್ಟಾಪಿಗೆ ಹೋದ. ಎಣಿಸಲು ಬಂದವಳು ಕಚೇರಿಯ ಕನ್ನಡಕದ ಉದ್ಯೋಗಿಯೊಬ್ಬಳು. ಅವಳಿಗೆ ಎಣಿಕೆ ಕಲಿಸಿದವನು ಅವನೇ, ಕಲಿತದ್ದನ್ನು ಕೂದಲೆಳೆಯಷ್ಟೂ ಬಿಟ್ಟುಕೊಡದವಳು. ಅವಳು ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ಕಂಬದ ಪಕ್ಕ ನಿಂತಳು. ಅವನು ಆಚೆ ಬದಿಯ ಹಣ್ಣಿನಂಗಡಿಯ ಮುಂದೆ ನಿಂತ.

ಎರಡು ಗಂಟೆ ಹತ್ತು ನಿಮಿಷಕ್ಕೆ ಗೇಟು ತೆರೆಯಿತು. ಅಕ್ಕ ಮುಂದೆ, ಹಿಂದೆ ಒಂದು ಸೈನ್ಯ. ಯಾರೂ ಕಟ್ಟೆಯ ಕಡೆ ತಿರುಗಲಿಲ್ಲ. ನೇರವಾಗಿ ಬಂದು, ಚಾವಣಿಯಿಲ್ಲದ ಕಂಬಗಳ ನಡುವೆ, ಮಾಸಿದ ಹಳದಿ ಗೆರೆಯೊಳಗೆ ಒತ್ತಿಕೊಂಡು ನಿಂತರು. ಗೆರೆಯಣ್ಣ ದೂರದಿಂದಲೇ ಎಣಿಸಿದ. ಅರವತ್ತು ದಾಟಿತ್ತು. ಅವನ ಎದೆಯ ಭಾರ ಇಳಿಯಿತು.

ಆದರೆ ಬಿಸಿಲು ಯಾರ ಅಕ್ಕನನ್ನೂ ಕೇಳುವುದಿಲ್ಲ. ಎರಡೂಕಾಲಾಗುವಷ್ಟರಲ್ಲಿ ಜನ ಕಾಲು ಬದಲಿಸತೊಡಗಿದರು. ಒಬ್ಬಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಇಬ್ಬರು ಮೆಲ್ಲಗೆ ಕಟ್ಟೆಯ ಕಡೆ ಜಾರಿದರು, ಅವರ ಹಿಂದೆ ಇನ್ನೂ ನಾಲ್ಕು ಜನ. ಗೆರೆಯಣ್ಣ ರಸ್ತೆ ದಾಟಿ ಬಂದ. ಬಂದು ಮಾಡುವುದಾದರೂ ಏನು? ಬೆಳಗಿನ ಆರರಿಂದ ನಿಂತವರಿಗೆ ನಿಲ್ಲಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಅಕ್ಕ ಕಂಬ ಹಿಡಿದು ನಿಂತಿದ್ದಳು. ಎಡಗಾಲು ನಡುಗುತ್ತಿತ್ತು. “ಇನ್ನು ನನ್ನ ಕೈಲಾಗಲ್ಲ” ಎಂದವಳು ಕಟ್ಟೆಗೆ ಹೋಗಲಿಲ್ಲ. ಕಂಬ ಹಿಡಿದುಕೊಂಡೇ ಜಾರುತ್ತ, ಅಲ್ಲೇ, ಗೆರೆಯೊಳಗೆ, ಕಾದ ಸಿಮೆಂಟಿನ ಮೇಲೆ ಕೂತುಬಿಟ್ಟಳು.

“ಬನ್ರೇ, ಗೆರೆ ಒಳಗೆ ತಾನೆ ಇರ್ಬೇಕಾದ್ದು? ಇಲ್ಲೇ ಕೂತ್ಕೊಳ್ರಿ” ಎಂದು ಕೂಗಿದಳು.

ಅಷ್ಟು ಸಾಕಾಗಿತ್ತು. ಒಬ್ಬೊಬ್ಬರಾಗಿ ಕೂತರು, ಜಾಗ ಸಾಲದೆ ಅಂಚಿನಲ್ಲಿ ಒಂದಷ್ಟು ಜನ ಮಾತ್ರ ನಿಂತೇ ಉಳಿದರು. ಕಟ್ಟೆಗೆ ಹೋಗಿದ್ದವರೂ ಎದ್ದು ಬಂದು, ಊಟದ ಚೀಲವನ್ನೇ ಕೆಳಗೆ ಹಾಕಿಕೊಂಡು ಕೂತರು. ಗಡಿಯಾರ ಎರಡೂವರೆ ತೋರಿಸಿತು. ಕನ್ನಡಕದವಳು ಎಣಿಸಿದಳು, ಹಾಳೆ ನೋಡಿದಳು, ಮತ್ತೆ ಎಣಿಸಿದಳು.

“ಸಾರ್, ಹನ್ನೆರಡು.”

“ಏನಮ್ಮಾ ಹನ್ನೆರಡು? ಕಣ್ಣೆದುರಿಗೇ ಇದಾರಲ್ಲ!”

“ನಿಂತೋರು ಹನ್ನೆರಡೇ ಸಾರ್. ಐವತ್ತೊಂದು ಜನ ಕೂತಿದಾರೆ. ‘ನಿಂತವರನ್ನು ಮಾತ್ರ’ ಅಂತ ಅಚ್ಚಾಗಿದೆ. ಒಂದಕ್ಷರ ಆಚೀಚೆ ಆಗಬಾರದು ಅಂತ ನೀವೇ ಹೇಳಿಕೊಟ್ಟಿದ್ದು.” ಅವಳಿಗೂ ಬೇಜಾರಾಗಿತ್ತು. ಆದರೆ ಪೆನ್ನು ಕದಲಲಿಲ್ಲ.

ಅಕ್ಕ ಕೆಳಗಿನಿಂದ ತಲೆಯೆತ್ತಿ ತಮ್ಮನ ಮುಖ ನೋಡಿದಳು.  ಅವನಿಗೆ ಒಮ್ಮೆಗೇ ತುಂಬ ಆಯಾಸವಾಯಿತು, ಆ ಮೂವತ್ತೊಂದು ವರ್ಷವೂ ಅದೇ ಬಿಸಿಲಿನಲ್ಲಿ ನಿಂತಿದ್ದಷ್ಟು. ಅವನು ಕೈ ಚಾಚಿ ಹಲಗೆಯನ್ನು ತೆಗೆದುಕೊಂಡ. ಜೇಬಿನಿಂದ ಪೆನ್ನು ತೆಗೆದು, ‘ನಿಂತವರನ್ನು’ ಎಂಬ ತನ್ನ ಮಾತಿನ ಮೇಲೆ ಒಂದು ಗೆರೆ ಎಳೆದ. ನಿಂತೇ ಎಳೆದ ಗೆರೆ ಸೊಟ್ಟಗಾಯಿತು. ಅದರ ಮೇಲೆ ‘ಇರುವವರನ್ನು’ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿ, ತಾರೀಖು ಹಾಕಿ, ಹೊತ್ತನ್ನೂ ಬರೆದ.

“ಸಾರ್, ಇದಕ್ಕೆ ನಿಮ್ಮನ್ನ ಕೇಳ್ತಾರೆ” ಎಂದಳು ಅವಳು.

“ಕೇಳ್ಲಿ. ಬರೆದಾಗ ಬುದ್ಧಿ ಇರಲಿಲ್ಲ, ಈಗ ಬಂತು ಅಂತ ಹೇಳ್ತೀನಿ. ನೀನು ಬರ್ಕೋ.”

ಅವಳು ‘ಅರವತ್ತಮೂರು’ ಎಂದು ಬರೆದಳು. ಅಲ್ಲಿಂದಲೇ ಮೇಡಂಗೆ ಫೋನು ಮಾಡಿ, ನಡೆದದ್ದನ್ನು ಒಂದೂ ಬಿಡದೆ ಒಪ್ಪಿಸಿದಳು.  ಎಲ್ಲ ಕೇಳಿದ ಮೇಲೆ ಮೇಡಂ, “ಅವರ ಸಹಿ ಇದೆ ತಾನೆ? ಹಾಗಾದ್ರೆ ಹನ್ನೊಂದನೇ ಸ್ಟಾಪು ಉಳೀಲಿ. ಅವರಿಗೆ ನಾಳೆ ಬಂದು ನನ್ನ ನೋಡೋಕೆ ಹೇಳು” ಎಂದರಂತೆ.

ಅಷ್ಟರಲ್ಲಿ ಬಸ್ಸು ಸಿಗ್ನಲ್ ದಾಟಿತು. ಕೂತವರೆಲ್ಲ ಸೀರೆಯ ಧೂಳು ಕೊಡವಿಕೊಂಡು ಎದ್ದರು. ಬಸ್ಸು ಬಂದು ನಿಂತಾಗ ಅದರೊಳಗೆ ಆಗಲೇ ಬಾಗಿಲವರೆಗೂ ಜನ ನಿಂತಿದ್ದರು. ಹೇಗೋ ಹೆಣಗಾಡಿ ಇಪ್ಪತ್ತು ಜನ ಒಳಗೆ ತೂರಿಕೊಂಡರು. ಬಾಗಿಲು ಮುಚ್ಚಿತು, ಬಸ್ಸು ಹೋಯಿತು. ಉಳಿದವರು ಯಾರನ್ನೂ ಬೈಯದೆ, ಮಾತಾಡಿಕೊಳ್ಳುತ್ತ, ಮರದ ಕೆಳಗಿನ ಕಟ್ಟೆಯ ಕಡೆ ನಡೆದರು. ಅಕ್ಕನೂ ಅವರ ಹಿಂದೆ ಕುಂಟುತ್ತ ಹೋದಳು.

“ದಿನಾ ಹೀಗೇನಾ ಅಕ್ಕ?”

“ಮತ್ತೆ? ನಂಗೆ ಎರಡನೇದು ಸಿಗುತ್ತೆ, ಕೆಲವು ಸಲ ಮೂರನೇದು. ನಿಂಗೊತ್ತಿರ್ಲಿಲ್ವಾ?”

ಗೊತ್ತಿರಲಿಲ್ಲ. ಇದೇ ದಾರಿಯ ಪ್ರತಿ ಕಂಬ, ಪ್ರತಿ ಮೋರಿ, ಪ್ರತಿ ಸಿಗ್ನಲ್ ಅವನ ನಕ್ಷೆಯಲ್ಲಿತ್ತು. ಅಕ್ಕ ಮನೆಗೆ ತಡವಾಗಿ ಬರುವುದೇಕೆಂದು ಮಾತ್ರ ಅವನು ಹದಿನೈದು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅವನು ತಲೆ ಅಲ್ಲಾಡಿಸಿದ.

ಅಕ್ಕ ಕಟ್ಟೆಯ ಮೇಲೆ ಕೂತು ಕಾಲು ಚಾಚಿಕೊಂಡಳು. ಊಟದ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು, “ಬಾ, ಕೂತ್ಕೋ” ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಗೆರೆಯಣ್ಣ ಹೋಗಿ ಕೂತ. ಎರಡನೆಯ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.