ನಿಂತುಕೊಂಡೇ ಸೊರಬಕ್ಕೆ

ಶಿಕಾರಿಪುರದಿಂದ ಸೊರಬಕ್ಕೆ ಸುಮಾರು ಇಪ್ಪತ್ತೈದು ಮೈಲಿ. ಅಷ್ಟು ದಾರಿಯನ್ನೂ ನಮ್ಮತ್ತೆ ಬಸ್ಸಿನಲ್ಲಿ ನಿಂತೇ ಸಾಗಿಸಿದರು. ಎರಡು ದಿನದ ಹಿಂದೆ ಅವರ ಗುದದ ಬಳಿ ಗಂಟೊಂದು ಎದ್ದು, ಕೂರಲಾಗದ ನೋವು ಹತ್ತಿತ್ತು. ರಕ್ತವೂ ಕಂಡಿತ್ತು. ಅವರ ಅಕ್ಕ ಇಂಥದನ್ನೇ ಯಾರಿಗೂ ತೋರಿಸದೆ, ಕ್ಯಾನ್ಸರ್ ಬಲಿತು ತೀರಿಕೊಂಡಿದ್ದರು. ಗಂಡಸು ಡಾಕ್ಟರಿಗೆ ತೋರಿಸುವುದಿಲ್ಲವೆಂದು ಅತ್ತೆ ಹಟ ಹಿಡಿದಾಗ, ಸೊರಬದಲ್ಲಿ ಲೇಡಿ ಡಾಕ್ಟರಿದ್ದಾರೆಂದು ನಾನೇ ಹೊರಡಿಸಿದೆ.

ಚಳಿಯ ಬೆಳಗು. ಎಂಜಿನ್ನಿನ ಮುಂದಿನ ಹ್ಯಾಂಡಲ್ ತಿರುಗಿಸಿದ ಮೇಲೆ ಬಸ್ಸು ಕೆಮ್ಮುತ್ತ ಹೊರಟಿತು. ವಯಸ್ಸಾದವರು ನಿಂತರೆ ನಮ್ಮ ಜನ ಸುಮ್ಮನಿರುತ್ತಾರೆಯೇ?

“ಅಜ್ಜಿ, ಕುಂದ್ರಿ,” ಎಂದು ರೈತನೊಬ್ಬ ಎದ್ದ.

“ಬ್ಯಾಡಪ್ಪ, ಹರಕೆ ಐತೆ. ಸೊರಬ ಮುಟ್ಟೋ ತನಕ ಕೂರಂಗಿಲ್ಲ,” ಎಂದುಬಿಟ್ಟರು ಅತ್ತೆ.

“ಯಾವ ದೇವ್ರಿಗ್ರೀ?”

ಅತ್ತೆ ನನ್ನ ಮುಖ ನೋಡಿದರು. ಸುಳ್ಳು ಹೇಳಬಾರದೆಂದು ಕಲಿಸಿದ್ದ ನನ್ನ ಕಾನ್ವೆಂಟಿನ ಸಿಸ್ಟರುಗಳಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿ, “ಹೇಳಿದ್ರೆ ಫಲ ಸಿಗಲ್ವಂತೆ,” ಎಂದೆ.

“ಅಜ್ಜಿ ನಿಂತಿರುವಾಗ ನಾ ಹೆಂಗೆ ಕುಂದ್ರಲಿ?” ಎಂದು ಅವನೂ ಕೂರಲಿಲ್ಲ. ಶಿರಾಳಕೊಪ್ಪದವರೆಗೆ ಆ ಸೀಟಿನಲ್ಲಿ ಅವನ ಕುಂಬಳಕಾಯಿ ಆರಾಮಾಗಿ ಕೂತು ಬಂತು.

ಸೊರಬದ ಡಾಕ್ಟರು ಮೆಲುದನಿಯವರು.

“ನೋವು ಮೆಲ್ಲಗೆ ಬಂತಾ ಅಜ್ಜಿ, ಒಂದೇ ಸಲಕ್ಕಾ?”

“ಒಂದೇ ಸಲಕ್ಕೆ ಡಾಕ್ಟ್ರಮ್ಮ. ಹೊರಕಡೆ ಕೂತು ತಿಣುಕಿದ್ದೆ ನೋಡಿ, ಆವಾಗ.”

ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲು ಮಡಚಿಸಿ, ಬೇಕಾದಷ್ಟೇ ಬಿಟ್ಟು ಮೈಯೆಲ್ಲ ಬಿಳಿ ಬಟ್ಟೆ ಹೊದಿಸಿದರು. ಮರಗಟ್ಟಿಸುವ ಸೂಜಿ ಚುಚ್ಚಿದಾಗ ಅತ್ತೆ ಹಿಡಿದ ಬಿಗಿಗೆ ನನ್ನ ಗಾಜಿನ ಬಳೆ ಒಡೆಯಿತು. ಗಂಟನ್ನು ಸೀಳಿ ಹೆಪ್ಪುಗಟ್ಟಿದ ರಕ್ತ ತೆಗೆದು, ಬೆರಳಿನಿಂದಲೂ ಸಣ್ಣ ಕೊಳವೆಯಿಂದಲೂ ಒಳಗೆಲ್ಲ ಪರೀಕ್ಷಿಸಿದರು.

“ಕ್ಯಾನ್ಸರ್ ಅಲ್ಲ ಅಜ್ಜಿ, ಮೂಲವ್ಯಾಧಿ. ಬಿಸಿನೀರಲ್ಲಿ ಕೂತ್ಕೊಳಿ, ಸೊಪ್ಪು ತಿನ್ನಿ. ಮತ್ತೆ ರಕ್ತ ಕಂಡ್ರೆ ಮಾತ್ರ ಕಾಯಬೇಡಿ, ಬನ್ನಿ.”

“ಇಷ್ಟೇನಾ?” ಎಂದರು ಅತ್ತೆ. “ನಮ್ಮಕ್ಕನೂ ತೋರಿಸಬೇಕಿತ್ತು.”

ನೋವಿನ ಹೆದರಿಕೆಗೆ ಎರಡು ದಿನ ಗಂಜಿಯಲ್ಲೇ ಇದ್ದವರು ಹೋಟೆಲಿನಲ್ಲಿ ನನ್ನ ಇಡ್ಲಿಯನ್ನೂ ತಿಂದರು.

ಹಿಂದಿರುಗುವಾಗ ಕಂಬಳಿ ಮಡಚಿ ಹಾಕಿ ಓರೆಯಾಗಿ ಕೂತಿದ್ದರು. ಪಕ್ಕದ ಹೆಂಗಸು, “ಸೊಂಟ ನೋವೇನವ್ವ?” ಎಂದಳು. ಅತ್ತೆ ಇದ್ದದ್ದನ್ನು ಇದ್ದಂತೆ ಹೇಳಿದರು. ಡ್ರೈವರಿಗೂ ಕೇಳಿಸಿರಬೇಕು.

ಆಕೆ ತಲೆ ತಗ್ಗಿಸಿ ಪಿಸುಗುಟ್ಟಿದಳು: “ನನಗೂ ರಕ್ತ ಹೋಗ್ತೈತೆ. ನಾಚ್ಕೆಯಾಗ್ತೈತವ್ವ.”

“ನಾಚ್ಕೆ ನಮ್ಮಕ್ಕನ್ನ ತಿಂತು. ನಾಳೇನೇ ಸೊರಬಕ್ಕೆ ಹೋಗು, ಅಲ್ಲಿರೋದು ಹೆಣ್ಣು ಡಾಕ್ಟ್ರು.”

ಆಕೆ ಶಿರಾಳಕೊಪ್ಪದಲ್ಲಿ ಇಳಿದಳು. ಬಸ್ಸು ಹೊರಡುತ್ತಿದ್ದಂತೆ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: “ಒಬ್ಳಿಗೇ ಹೆದ್ರಿಕೆಯಾದ್ರೆ ಶಿಕಾರಿಪುರಕ್ಕೆ ಬಾ, ನಾನೇ ಕರ್ಕೊಂಡು ಹೋಗ್ತೀನಿ!”

ಆಕೆ ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಜೊತೆಗೇ ಓಡಿ ಬಂದಳು: “ಯಾವ ಬೀದಿ ಅವ್ವಾ? ಮನೆ ಯಾವ ಬೀದೀಲೈತೆ?”